ಉಳುಕು ‘ತೆಗೆಯೋಕೆ’ ಅಲ್ಲೇನೂ ಇಲ್ಲ

ಗದ್ದೆ ಬದುವಿನ ಮೇಲೆ ಹೆಜ್ಜೆ ತಪ್ಪಿತು, ಪಾದ ಒಳಕ್ಕೆ ಮಡಚಿತು, ಗಿಣ್ಣು ಊದಿತು. ಆಮೇಲೆ ನಮ್ಮೂರುಗಳಲ್ಲಿ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಒಬ್ಬರು ಕಾಲು ಅದುಮಿ ಹಿಡಿಯುತ್ತಾರೆ, ಇನ್ನೊಬ್ಬರು ಹರಳೆಣ್ಣೆ ಹಚ್ಚಿ ‘ಲಟಕ್’ ಅನ್ನುವವರೆಗೂ ಎಳೆಯುತ್ತಾರೆ. ಬಿದ್ದವರು ಕಿರುಚಿದರೆ ಸುತ್ತ ನಿಂತವರಿಗೆ ಸಮಾಧಾನ: ಉಳುಕು ಬಿಟ್ಟಿತು!

ಇದು ನಿಲ್ಲಬೇಕು. ಉಳುಕಿದಾಗ ಯಾವ ನರವೂ ಹೊರಳಿರುವುದಿಲ್ಲ. ಮೂಳೆಗೆ ಮೂಳೆಯನ್ನು ಕಟ್ಟಿರುವ ಲಿಗಮೆಂಟ್ ಎಂಬ ಪಟ್ಟಿ ಹಿಗ್ಗಿರುತ್ತದೆ, ಇಲ್ಲವೇ ಹರಿದಿರುತ್ತದೆ. ಹರಿದ ಸೆರಗನ್ನು ಎಳೆದರೆ ಏನಾಗುತ್ತೋ ಅದೇ ಇಲ್ಲೂ ಆಗುವುದು. ಮೊದಲ ಎರಡು ಮೂರು ದಿನ ಬಲವಾಗಿ ತಿಕ್ಕಿದರೂ, ಬಿಸಿನೀರು ಹೊಯ್ದರೂ ಊತ ಹೆಚ್ಚುತ್ತದೆ.

ಮೂಳೆಯೇ ಬಿರುಕು ಬಿಟ್ಟಿದ್ದರೆ? ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಗಿಣ್ಣಿನ ಉಬ್ಬುಮೂಳೆಯ ಹಿಂಬದಿಯನ್ನೋ ಕಿರುಬೆರಳಿನ ಕಡೆಯ ಪಾದದ ಅಂಚಿನ ನಡುಮೂಳೆಯನ್ನೋ ಒತ್ತಿದಾಗ ನೋವು ಜೋರಾದರೆ, ಎಕ್ಸ್‌ರೇ ತೆಗೆಸಲೇಬೇಕು. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮವಿದು, ಇವತ್ತಿಗೂ ಬಳಕೆಯಲ್ಲಿದೆ. ತಿಕ್ಕುವವರ ಬೆರಳಿಗೆ ಬಿರುಕು ಕಾಣುವುದಿಲ್ಲ.

ಹಾಗಂತ ತಿಕ್ಕುವವರನ್ನಷ್ಟೇ ಬೈದರೆ ಅನ್ಯಾಯ. ತಾಲ್ಲೂಕು ಆಸ್ಪತ್ರೆಗೆ ಹೋದರೆ ಬಸ್ ಚಾರ್ಜೂ ಹೋಯಿತು, ದಿನದ ಕೂಲಿಯೂ ಹೋಯಿತು. ಎಳೆಸಿಕೊಂಡರೆ ನಾಳೆಯೇ ಕಳೆ ಕೀಳಲು ಹೋಗಬಹುದೆಂಬ ಆಸೆ. ಕಾಲು ಮುಟ್ಟಿಯೂ ನೋಡದೆ ಇಂಜೆಕ್ಷನ್ ಕೊಟ್ಟು ‘ರೆಸ್ಟ್ ಮಾಡಿ’ ಅನ್ನುವ ಡಾಕ್ಟರನ್ನೂ ಕಂಡಿದ್ದೇವೆ. ಎಷ್ಟು ದಿನ ಸ್ವಾಮಿ? ಆ ದಿನಗಳ ಗಂಜಿ ಯಾರು ಕೊಡುತ್ತಾರೆ? 2005ರ ಉದ್ಯೋಗ ಖಾತರಿ ಕಾಯ್ದೆ ಕೂಡ ಕೆಲಸದಲ್ಲಿ ಗಾಯವಾದವರಿಗೆ ಉಚಿತ ಚಿಕಿತ್ಸೆ ಎಂದಿತು, ಆದರೆ ಕನಿಷ್ಠ ಅರ್ಧ ಕೂಲಿಯ ಭತ್ಯೆಯನ್ನು ಆಸ್ಪತ್ರೆಗೆ ದಾಖಲಾದವರಿಗಷ್ಟೇ ಬರೆಯಿತು. ಉಳುಕಿದ ಕಾಲಿಗೆ ಬೆಡ್ ಕೊಡುವವರು ಯಾರು?

ನಿಜ ಹೇಳಬೇಕೆಂದರೆ ವಾರಗಟ್ಟಲೆ ಮಲಗುವುದೂ ಬೇಕಿಲ್ಲ. ಮೊದಲೆರಡು ದಿನ ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಡಿ. ಅಂಗಡಿ ಫ್ರಿಜ್ಜಿನ ಐಸನ್ನು ಬಟ್ಟೆಯಲ್ಲಿ ಸುತ್ತಿ ದಿನಕ್ಕೆ ಮೂರ್ನಾಲ್ಕು ಸಲ ಹದಿನೈದು ನಿಮಿಷ ಇಡಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಐಸ್ ಬೇಡ, ಅವರು ಡಾಕ್ಟರಿಗೇ ತೋರಿಸಲಿ. ಕ್ರೇಪ್ ಬ್ಯಾಂಡೇಜ್ ಸುತ್ತಿದಾಗ ಬೆರಳು ತಣ್ಣಗಾದರೆ, ನೀಲಿಯಾದರೆ ತಕ್ಷಣ ಸಡಿಲಿಸಿ. ಆಮೇಲೆ ನೋವು ತಡೆಯುವಷ್ಟು ನಡೆದಾಡಿ. ಊತ ಇಳಿದ ಮೇಲೆ ಗೋಡೆ ಹಿಡಿದು ದಿನವೂ ಒಂಟಿಕಾಲಲ್ಲಿ ನಿಲ್ಲಿ. ಇದನ್ನು ಬಿಟ್ಟವರ ಕಾಲು ಮತ್ತೆ ಉಳುಕುವ ಸಂಭವ ಹೆಚ್ಚು. ಗದ್ದೆ ಕೆಲಸಕ್ಕೆ ಎರಡು ವಾರ ಹಿಡಿಯಬಹುದು, ಆರೂ ಹಿಡಿಯಬಹುದು. ತಲೆಹೊರೆ ಎಲ್ಲಕ್ಕಿಂತ ಕೊನೆಗೆ.