ಕೊಲೆಗೆ ಮೊದಲು ಮನುಷ್ಯ ಬೇಕು

ಮಲಾಡ್ ಕಡೆಯ ನಮ್ಮ ಮಕ್ಕಳಲ್ಲಿ ಕೆಲವರು ಈಗ ಕಾಲೇಜಿನಲ್ಲಿ ಮಾಧ್ಯಮದ ವ್ಯಾಸಂಗ ಮಾಡುತ್ತಿದ್ದಾರೆ. ಥ್ರಿಲ್ಲರ್ ಚಿತ್ರವೊಂದರ ಮೊದಲ ಎರಡು ನಿಮಿಷಗಳಿಗೆ ಕಥೆ, ಪಾತ್ರ ಯೋಜಿಸುವುದು ಅವರ ಅಭ್ಯಾಸಗಳಲ್ಲೊಂದು. ಸಂತೋಷ. ಆದರೆ ಅವರು ಹೆಣೆಯುವುದೇನು? ಕತ್ತಲ ಓಣಿ, ಮುಸುಕುಧಾರಿ, ಚಾಕು, ಓಡುವ ಹುಡುಗಿ. ಆಕೆ ಯಾರ ಮಗಳು, ಯಾವ ಮಾತಿನವಳು ಎಂದರೆ ಉತ್ತರವಿಲ್ಲ. ಗುರುತೇ ಇಲ್ಲದವಳಿಗಾಗಿ ಪ್ರೇಕ್ಷಕ ಏಕೆ ಉಸಿರು ಬಿಗಿಹಿಡಿಯಬೇಕು?

ಮಲಾಡಿನವರಿಗೆ ಇದನ್ನು ಹೇಳಬೇಕಾಗಿ ಬಂದುದೇ ಸೋಜಿಗ. ಹಿಮಾಂಶು ರಾಯ್, ದೇವಿಕಾ ರಾಣಿ ದಂಪತಿ 1934ರಲ್ಲಿ ಬಾಂಬೆ ಟಾಕೀಸನ್ನು ಕಟ್ಟಿದ್ದು ಇಲ್ಲಿಯೇ. ಅದರ ಮೊದಲ ಚಿತ್ರ 'ಜವಾನಿ ಕೀ ಹವಾ' (1935) ರೈಲಿನಲ್ಲಿ ನಡೆಯುವ ಕೊಲೆಯ ಕಥೆ. ಆದರೆ ರೈಲು ಹತ್ತಿದವಳು ಮದುವೆಯ ದಿನವೇ ಮನೆಬಿಟ್ಟ ಹುಡುಗಿ. ಹೆಣ ಬೀಳುವ ಮೊದಲೇ ಆಕೆಗೊಂದು ಸಂಕಟವಿದೆ. 'ಕಿಸ್ಮತ್' (1943) ತೊಡಗುವುದು ಜೈಲಿನಿಂದ ಹೊರಬರುವ ಕಳ್ಳನಿಂದ. ಮತ್ತೆ ಕದಿಯುವನೇ ಎಂಬ ಪ್ರಶ್ನೆಯೇ ನೋಡುವವನನ್ನು ಕಟ್ಟಿಹಾಕುತ್ತದೆ.

ನಮ್ಮಲ್ಲಿ ಪಾತ್ರಗಳಿಗೆ ಬರವೇ? ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿದವರ ಪರಂಪರೆ ನಮ್ಮದು. ಗಲ್ಲಾದಲ್ಲಿ ಕುಳಿತ ಒಬ್ಬ ಹಿರಿಯನನ್ನು ಕಲ್ಪಿಸಿಕೊಳ್ಳಿ. ಶಟರ್ ಇಳಿಸುವ ಹೊತ್ತಿಗೆ ಹುಡುಗನೊಬ್ಬ ಚೀಟಿ ತಂದುಕೊಡುತ್ತಾನೆ. ಅದು ಕನ್ನಡದಲ್ಲಿದೆ, ಅಲ್ಲಿ ಬೇರಾರಿಗೂ ಓದಲು ಬಾರದು. ಮೂವತ್ತು ವರ್ಷದ ಹಿಂದೆ ಊರಿನಲ್ಲೇ ಬಿಟ್ಟುಬಂದ ತನ್ನ ನಿಜನಾಮಧೇಯವನ್ನು ಆತ ಓದುತ್ತಾನೆ. ಚಿಲ್ಲರೆ ಎಣಿಸುವ ಕೈ ತಪ್ಪುತ್ತದೆ. ಹನಿ ರಕ್ತವಿಲ್ಲ, ಎದೆ ಮಾತ್ರ ಡವಗುಟ್ಟುತ್ತದೆ. ಆ ಚೀಟಿ ಕನ್ನಡದಲ್ಲಿ ಇಲ್ಲದಿದ್ದರೆ ಗುಟ್ಟೇ ಉಳಿಯದು!

ಕನ್ನಡದಲ್ಲಿ ಮಾಡಿದರೆ ಪರೀಕ್ಷಕರಿಗೆ ಅರ್ಥವಾಗದು, ಅಂಕ ಹೋಗುತ್ತದೆ ಎನ್ನುವವರಿದ್ದಾರೆ. ಕೊರಿಯಾದ ಚಿತ್ರಗಳನ್ನು ಅಡಿಬರಹ ಓದಿಕೊಂಡೇ ಮೆಚ್ಚುವ ಈ ಮಕ್ಕಳಿಗೆ ಅಜ್ಜಿಯ ಮಾತಿಗೆ ಎರಡು ಸಾಲು ಅಡಿಬರಹ ಹಾಕುವುದು ಭಾರವೇ? ಅಡ್ಡಿ ಪರೀಕ್ಷಕರದಲ್ಲ, ನಮ್ಮದೇ ನಾಚಿಕೆಯದು. ಮನೆಯಲ್ಲಿ ಕನ್ನಡವನ್ನು ಅಡುಗೆಮನೆಗೆ ಸೀಮಿತಗೊಳಿಸಿದವರು ನಾವು. ತೆರೆಯ ಮೇಲೆ ಅದು ಕಾಣಿಸದೆಂದು ಮಕ್ಕಳನ್ನು ದೂರುವುದು ಯಾವ ನ್ಯಾಯ?

ಆದ್ದರಿಂದ ತಂದೆತಾಯಂದಿರೇ, ನೀವು ಈ ಊರಿಗೆ ಬಂದ ಕಥೆಯನ್ನು, ಬಚ್ಚಿಟ್ಟ ಭಾಗವನ್ನೂ ಸೇರಿಸಿ, ಮಕ್ಕಳಿಗೆ ಹೇಳಿರಿ. ಸಂಘಗಳು ವಾರ್ಷಿಕೋತ್ಸವದಲ್ಲಿ ಹಾರ-ಶಾಲುಗಳ ಸಮಯದಿಂದ ಹತ್ತು ನಿಮಿಷ ಉಳಿಸಿ, ಈ ಕಿರುಚಿತ್ರಗಳನ್ನು ತೋರಿಸಲಿ. ವಿದ್ಯಾರ್ಥಿಗಳೇ, ಚಾಕುವನ್ನು ಆಮೇಲೆ ಹುಡುಕಿರಿ. ಮೊದಲು ಪಾತ್ರಕ್ಕೊಂದು ಹೆಸರಿಡಿ, ಕಳೆದುಕೊಳ್ಳಲು ಏನಾದರೂ ಕೊಡಿ, ಅವನ ಬಾಯಿಗೆ ಅವನ ತಾಯಿಯ ಮಾತನ್ನು ಕೊಡಿ.