ಲೆಕ್ಕ ನಾವೂ ಬರೀತೀವಿ

‘ಹಾಸಿಗೆ ಇದ್ದಷ್ಟು ಕಾಲು ಚಾಚಿ’ ಎಂದು ನಮಗೆ ಬುದ್ಧಿ ಹೇಳುವವರೇ, ನಮ್ಮ ಹಾಸಿಗೆ ಕಿತ್ತುಕೊಂಡವರು ಯಾರು?

ನಮ್ಮ ತಾತಂದಿರ ಲೆಕ್ಕ ಧಣಿಯ ಪುಸ್ತಕದಲ್ಲಿತ್ತು. ದುಡಿದದ್ದು ಬರೆಯಲಿಲ್ಲ, ಸಾಲ ಮಾತ್ರ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು. 1976ರ ಕಾಯಿದೆ ಜೀತ ರದ್ದು ಮಾಡಿತು. ಈಗ ವಾರದ ಕಂತು ಬಂದಿದೆ. ಗುಂಪಿನಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಅಕ್ಕನೇ ತಂಗಿಯ ಬಾಗಿಲು ಬಡೀಬೇಕು. ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ 2025ರಲ್ಲಿ ಕಾನೂನನ್ನೇ ತರಬೇಕಾಯ್ತು.

ಕಂತಿನ ದಿನ ನಮ್ಮವ್ವಂದಿರು ಮೊದಲು ಬಿಡೋದು ತಮ್ಮ ಊಟ, ಆಮೇಲೆ ಮಾತ್ರೆ. ಇದಕ್ಕಿಂತ ಮಿತವ್ಯಯ ಯಾವ ಪಂಡಿತ ಕಲಿಸ್ತಾನೆ?

ಗೆಳೆಯರೇ, ಡಿಗ್ರಿ ಓದಿದ ನಾವು ಅವ್ವನ ಪಕ್ಕ ಕೂತು ಲೆಕ್ಕ ಬರೆಯೋಣ. ಖರ್ಚಿನ ಎದುರಿಗೆ ಕೊಡದೆ ಉಳಿಸಿಕೊಂಡ ಕೂಲಿಯನ್ನೂ ಬರೆಯೋಣ. ಆ ಬಾಕಿ ವಸೂಲಿಗೆ ನಾವೇ ಹೊರಡೋಣ.