ಒಲೆ ಕಟ್ಟುವ ವಿದ್ಯೆ

ತಿರುಮಕೂಡಲಿನಲ್ಲಿ ಕಪಿಲೆ ಕಾವೇರಿಯನ್ನು ಕೂಡುತ್ತಾಳೆ. ಅಲ್ಲಿಂದ ಸೋಸಲೆ ದೂರವೇನಲ್ಲ. ವ್ಯಾಸರಾಜ ಮಠದಿಂದ ಹೆಸರಾದ ಊರು. ಸುತ್ತ ನಾಲೆ ನೀರಿನ ಗದ್ದೆ, ತೆಂಗು. ಈ ಸೀಮೆಯ ಹಳ್ಳಿಗಳ ಅಡಿಗೆಮನೆಗೆ ಗ್ಯಾಸ್ ಸಿಲಿಂಡರ್ ಬಂದು ಕೂತಿದೆ. 2016ರಲ್ಲಿ ಉಜ್ವಲ ಯೋಜನೆ ಶುರುವಾದ ಮೇಲಂತೂ ಬಡವರ ಮನೆಗೂ ಬಂದಿದೆ. ಆದರೆ ಹಿತ್ತಿಲ ಕಡೆಗೆ ಹೋಗಿ ಬಚ್ಚಲುಮನೆಯಲ್ಲಿ ಇಣುಕಿ ನೋಡಿ. ಹಂಡೆಯ ಕೆಳಗೆ ತೆಂಗಿನ ಮಟ್ಟೆ, ಕುರುಂಬಾಳೆ, ಹಿಪ್ಪುನೇರಳೆ ಕಡ್ಡಿ ಉರಿಯುತ್ತಿರುವ ಮನೆಗಳು ಇನ್ನೂ ಎಷ್ಟೋ ಇವೆ. ಗೋಡೆ ಕಪ್ಪು, ಹಂಡೆಯ ಹೊರಮೈ ಕಪ್ಪು, ಊದುಕೊಳವೆ ಹಿಡಿದು ಕೂತವರ ಕಣ್ಣು ಕೆಂಪು.

ಇಲ್ಲಿ ಹೈಸ್ಕೂಲು ಹುಡುಗನೂ ಮಾಡಬಹುದಾದ ಒಂದು ಲೆಕ್ಕವಿದೆ. ಹಂಡೆಯಲ್ಲಿ 40 ಲೀಟರು ನೀರಿದೆ ಎಂದುಕೊಳ್ಳಿ. ಅದರ ಉಷ್ಣತೆ 25 ಡಿಗ್ರಿ. ಅದನ್ನು 55 ಡಿಗ್ರಿಗೆ ಏರಿಸಬೇಕು. ಒಂದು ಲೀಟರು ನೀರನ್ನು ಒಂದು ಡಿಗ್ರಿಯಷ್ಟು ಬಿಸಿ ಮಾಡಲು ಬೇಕಾದ ಶಾಖ ಒಂದು ಕಿಲೋಕ್ಯಾಲೊರಿ. ಆದ್ದರಿಂದ ಒಟ್ಟು ಬೇಕಾದದ್ದು 1,200 ಕಿಲೋಕ್ಯಾಲೊರಿ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆ ಉರಿದರೆ ಹೆಚ್ಚುಕಡಿಮೆ 4,000 ಕಿಲೋಕ್ಯಾಲೊರಿ ಶಾಖ ಹೊರಡುತ್ತದೆ. ಅಂದರೆ ಈ ಹಂಡೆ ಕಾಯಲು 300 ಗ್ರಾಂ ಸೌದೆ ಸಾಕು! ನಿಜಕ್ಕೂ ಎಷ್ಟು ಉರಿಯುತ್ತದೆ? ತೂಗಿ ನೋಡಿದವರಿಗೆ ಸಿಗುವ ಉತ್ತರ ಎರಡು ಕಿಲೋ, ಮೂರು ಕಿಲೋ. ಮಿಕ್ಕ ಶಾಖವೆಲ್ಲ ಗೋಡೆಗೆ, ಗಾಳಿಗೆ, ಪೂರ್ತಿ ಉರಿಯದೆ ಹೊಗೆಯಾಗಿ ಹೋದ ಅನಿಲಗಳಿಗೆ. ಮೂರು ಕಲ್ಲಿನ ಒಲೆಯ ಅಥವಾ ಸಾಧಾರಣ ಮಣ್ಣಿನ ಒಲೆಯ ದಕ್ಷತೆ ಶೇ 10ರಿಂದ 15 ಎಂದು ಎಂಜಿನಿಯರರು ಹೇಳುವುದರ ಅರ್ಥ ಇದೇ.

ಈ ಎರಡೂವರೆ ಕಿಲೋ ಸೌದೆಯನ್ನು ಉಳಿಸುವ ವಿದ್ಯೆ ಯಾವುದು? ಶಾಖಶಾಸ್ತ್ರ ಎನ್ನಬಹುದು. ಅದು ಅರ್ಧ ಉತ್ತರ. ಇನ್ನರ್ಧಕ್ಕೆ ಈಗ ‘ವಿನ್ಯಾಸ’ ಎಂಬ ಹೆಸರು. ವಿನ್ಯಾಸವೆಂದೊಡನೆ ನಮ್ಮ ಜನಕ್ಕೆ ನೆನಪಾಗುವುದು ಸೀರೆಯ ಅಂಚು, ಮದುವೆ ಕಾಗದದ ಚಿತ್ತಾರ, ಕಾರಿನ ಮೂತಿ. ಈಚಿನ ವರ್ಷಗಳಲ್ಲಿ ವಿನ್ಯಾಸದ ಶಾಲೆಗಳು ತಮ್ಮ ಪಾಠಪಟ್ಟಿಯಲ್ಲಿ ಸಮಾಜ, ಪರಿಸರ ಎಂಬ ಮಾತುಗಳನ್ನು ದಪ್ಪ ಅಕ್ಷರದಲ್ಲಿ ಹಾಕಿಕೊಳ್ಳುತ್ತಿವೆ. ಹಾಕಿಕೊಳ್ಳಲಿ, ಸಂತೋಷವೇ. ಆದರೆ ಈ ಪಾಠ ಕರ್ನಾಟಕದಲ್ಲಿ ಎಂದೋ ನಡೆದುಹೋಗಿದೆ, ಅದೂ ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯ ಒಲೆಗಳ ಮುಂದೆ ಎಂಬುದು ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿಯದು.

ಅದಕ್ಕೂ ಮುಂಚಿನ ಒಂದು ಸಂಗತಿ ಹೇಳಬೇಕು. 1958ರಲ್ಲಿ ಭಾರತ ಸರ್ಕಾರದ ಕರೆಯ ಮೇಲೆ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ದೇಶ ಸುತ್ತಿ ಒಂದು ವರದಿ ಬರೆದುಕೊಟ್ಟರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿದ್ದು ಆ ವರದಿಯ ಫಲವಾಗಿ. ಈ ದೇಶದಲ್ಲಿ ಕಂಡ ವಸ್ತುಗಳಲ್ಲೆಲ್ಲ ಅವರು ಬಹುವಾಗಿ ಮೆಚ್ಚಿ ಹೊಗಳಿದ್ದು ಅರಮನೆಯ ಸಿಂಹಾಸನವನ್ನಲ್ಲ, ಲೋಟಾವನ್ನು. ನಮ್ಮ ತಂಬಿಗೆ, ಬಿಂದಿಗೆಗಳ ಬಂಧುವನ್ನು. ಎಷ್ಟು ನೀರು ಹಿಡಿಯಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ಬಗ್ಗಿಸಿದರೆ ಹೇಗೆ ಸುರಿಯಬೇಕು, ತೊಳೆಯಲು ಒಳಗೆ ಕೈ ಹೋಗುತ್ತದೆಯೆ, ಹಳತಾದರೆ ಎಷ್ಟಕ್ಕೆ ಹೋಗುತ್ತದೆ ಎಂಬ ಬಗೆಯ ಪ್ರಶ್ನೆಗಳನ್ನು ಅವರು ಸಾಲಾಗಿ ಪಟ್ಟಿ ಮಾಡಿದರು. ಇಷ್ಟಕ್ಕೂ ಉತ್ತರವನ್ನು ಯಾರೋ ಒಬ್ಬ ಜಾಣ ಒಂದು ಮಧ್ಯಾಹ್ನ ಕೂತು ಬರೆದದ್ದಲ್ಲ. ಎಷ್ಟೋ ತಲೆಮಾರಿನ ಕೈಗಳು ತಿದ್ದಿ ತಿದ್ದಿ ಆದದ್ದು.

ಬಿಂದಿಗೆಗೆ ಶತಮಾನಗಳ ಬಿಡುವಿತ್ತು. ಒಲೆಗೆ ಇರಲಿಲ್ಲ. ಕಾಡು ಕರಗುತ್ತಿತ್ತು.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಒಂದು ಸಣ್ಣ ಗುಂಪು ಹುಟ್ಟಿತು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ, ತಂತ್ರಜ್ಞಾನವನ್ನು ಅನ್ವಯಿಸುವುದು ಅದರ ಉದ್ದೇಶ. ಆ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಅಸ್ತ್ರ’ ಎಂದಾಗುತ್ತಿತ್ತು. ಹೆಸರು ಕೇಳಿದರೆ ರಕ್ಷಣಾ ಇಲಾಖೆಯದೇನೋ ಅನ್ನಿಸಬೇಕು! ಮುಂದಾಳು ಅಮೂಲ್ಯ ರೆಡ್ಡಿ. ವಿದ್ಯುತ್ ರಸಾಯನಶಾಸ್ತ್ರದಲ್ಲಿ ಜಗತ್ತೇ ಓದುವ ಪಠ್ಯಪುಸ್ತಕವನ್ನು ಬಾಕ್ರಿಸ್ ಅವರೊಡನೆ ಬರೆದವರು. ಅಂಥವರು ಸೌದೆ, ಸಗಣಿ, ಮಣ್ಣಿನ ಇಟ್ಟಿಗೆಯ ಕಡೆಗೆ ತಿರುಗಿದ್ದು ಆಗಿನ ಕಾಲಕ್ಕೆ ವಿಚಿತ್ರವಾಗಿಯೇ ಕಂಡಿರಬೇಕು. ಕೆ. ಎಸ್. ಜಗದೀಶ್ ಮೊದಲಾದವರು ಜೊತೆಗೂಡಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಒಂದು ಕೇಂದ್ರ ತೆರೆದರು.

ತೆರೆದವರು ಮೊದಲಿಗೇ ಯಂತ್ರ ಮಾಡಲಿಲ್ಲ. ಆರು ಹಳ್ಳಿಗಳಲ್ಲಿ ಮನೆಮನೆ ತಿರುಗಿ ಲೆಕ್ಕ ಬರೆದರು. ಯಾರು ಎಷ್ಟು ಹೊತ್ತು ಏನು ಕೆಲಸ ಮಾಡುತ್ತಾರೆ, ಸೌದೆ ಎಲ್ಲಿಂದ ಬರುತ್ತದೆ, ಸೀಮೆಎಣ್ಣೆ ಎಷ್ಟು, ಎತ್ತಿನ ದುಡಿಮೆ ಎಷ್ಟು. ಪುಸ್ತಕದಲ್ಲಿ ಹಳ್ಳಿಯ ಶಕ್ತಿಯೆಂದರೆ ಪಂಪ್‌ಸೆಟ್ಟು, ವಿದ್ಯುತ್ ಕಂಬ. ಈ ಲೆಕ್ಕದಲ್ಲಿ ಬಹುಪಾಲು ಶಕ್ತಿ ಸೌದೆಯಿಂದ ಬರುತ್ತಿತ್ತು, ಬಹುಪಾಲು ಸೌದೆ ಅಡಿಗೆಗೆ ಹೋಗುತ್ತಿತ್ತು. ಅದನ್ನು ಆರಿಸಿ ತರಲು ಒಂದು ಮನೆಗೆ ದಿನವೊಂದಕ್ಕೆ ಸರಾಸರಿ ಎರಡು ಗಂಟೆಗೂ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಆ ಹೊತ್ತಿನ ದೊಡ್ಡ ಪಾಲು ಹೆಂಗಸರದು, ಮಕ್ಕಳದು. ಯಾವ ಸರ್ಕಾರಿ ಅಂಕಿಅಂಶದಲ್ಲೂ ಇಲ್ಲದ ದುಡಿಮೆ.

ಆಗ ಒಲೆಯ ಕೆಲಸ ಶುರುವಾಯಿತು. 1980ರ ದಶಕದ ಆರಂಭಕ್ಕೆ ಸಿದ್ಧವಾದ ‘ಅಸ್ತ್ರ ಒಲೆ’ಯ ಒಳಗುಟ್ಟು ಸರಳ. ಉರಿಯುವ ಗೂಡು ಮುಚ್ಚಿದ್ದು, ಅದಕ್ಕೊಂದು ಬಾಗಿಲು. ಒಳಗೆ ಕಬ್ಬಿಣದ ಜಾಲರಿ. ಬೂದಿ ಕೆಳಗೆ ಬೀಳುತ್ತದೆ, ಗಾಳಿ ಕೆಳಗಿನಿಂದ ಏರುತ್ತದೆ. ಸೌದೆಯಿಂದ ಹೊರಟ ಅನಿಲಗಳು ಉರಿದು ಮುಗಿಯಲು ಇನ್ನಷ್ಟು ಗಾಳಿ ಬೇಕಲ್ಲ, ಅದಕ್ಕೆ ಬೇರೆ ಕಿಂಡಿಗಳು. ಪಾತ್ರೆಗಳು ಒಲೆಯ ಮೇಲೆ ಕೂರುವುದಿಲ್ಲ, ಕುಳಿಯೊಳಗೆ ಇಳಿದು ಕೂರುತ್ತವೆ. ಬಿಸಿ ಅನಿಲ ಮೊದಲ ಪಾತ್ರೆಯ ತಳ ಸವರಿ, ಎರಡನೆಯದರ ಕೆಳಗೆ ಹಾದು, ಮೂರನೆಯದಕ್ಕೆ ತನ್ನಲ್ಲಿ ಉಳಿದದ್ದನ್ನು ಕೊಟ್ಟು ಹೊಗೆಕೊಳವೆ ಸೇರುತ್ತದೆ. ಒಂದೇ ಉರಿಯಲ್ಲಿ ಹಿಟ್ಟಿಗೆ ಎಸರು, ಪಕ್ಕದಲ್ಲಿ ಸಾರು, ಕೊನೆಯಲ್ಲಿ ಬಿಸಿನೀರು. ಪ್ರಯೋಗಾಲಯದಲ್ಲಿ ಇದರ ದಕ್ಷತೆ ಶೇ 40ನ್ನು ದಾಟಿತು. ಹಳೆಯ ಒಲೆಯ ಮೂರು ಪಟ್ಟು!

ಇಷ್ಟು ಹೊತ್ತು ಹೇಳಿದ್ದು ವಿಜ್ಞಾನ. ವಿನ್ಯಾಸದ ಕಷ್ಟ ಇಲ್ಲಿಂದಾಚೆಗೆ.

ಕುಳಿಗೂ ಪಾತ್ರೆಗೂ ನಡುವಿನ ಸಂದು ಅರ್ಧ ಅಂಗುಲ ಹೆಚ್ಚಾದರೆ ಶಾಖ ನೇರವಾಗಿ ಹೊಗೆಕೊಳವೆಗೆ ಓಡುತ್ತದೆ. ಕಡಿಮೆಯಾದರೆ ಹೊಗೆ ತಿರುಗಿ ಮುಖಕ್ಕೆ ಬಡಿಯುತ್ತದೆ. ಹಳ್ಳಿಯ ಗಾರೆಯವನ ಕಣ್ಣಳತೆಗೆ ಅರ್ಧ ಅಂಗುಲ ಯಾವ ಲೆಕ್ಕ? ಹಾಗಾಗಿ ಒಲೆಯ ಜೊತೆಗೆ ಅದನ್ನು ಕಟ್ಟುವ ಅಚ್ಚೂ ಬೇಕಾಯಿತು, ಕಟ್ಟುವವರಿಗೆ ತರಬೇತಿ ಬೇಕಾಯಿತು. ಇನ್ನು ಪಾತ್ರೆ. ಮನೆಗೆ ನಾಲ್ಕು ಜನ ನೆಂಟರು ಬಂದರೆ ದೊಡ್ಡ ಮಡಕೆ ಇಡಬೇಕು, ಕುಳಿ ದೊಡ್ಡದಾಗುತ್ತದೆಯೆ? ಹಿಟ್ಟು ತೊಳಸುವವರು ಕವೆಗೋಲಿನಿಂದ ಪಾತ್ರೆಯನ್ನು ಒತ್ತಿ ಹಿಡಿದು, ಮೈಭಾರವನ್ನೆಲ್ಲ ಕೋಲಿನ ಮೇಲೆ ಬಿಟ್ಟು ತಿರುಗಿಸುತ್ತಾರೆ. ಆ ಪೆಟ್ಟು ತಡೆಯದ ಒಲೆ ಎಷ್ಟು ದಕ್ಷವಾದರೇನು, ನಮ್ಮ ಸೀಮೆಗೆ ಅದು ಒಲೆಯೇ ಅಲ್ಲ. ಬಾಗಿಲು ಮುಚ್ಚುವ ಗೂಡಿಗೆ ಗೇಣುದ್ದದ ತುಂಡುಗಳೇ ಆಗಬೇಕು. ಹಳೆಯ ಒಲೆಯಲ್ಲಾದರೆ ಮಾರುದ್ದದ ಕೊಂಬೆಯನ್ನು ಉರಿದ ಹಾಗೆಲ್ಲ ಒಳಕ್ಕೆ ತಳ್ಳುತ್ತಿದ್ದರೆ ಸಾಕಿತ್ತು. ಹಾಗಾದರೆ ತುಂಡು ಮಾಡುವವರು ಯಾರು? ಮಚ್ಚು ಹಿಡಿಯುವ ಕೆಲಸವೂ ಅಡಿಗೆ ಮಾಡುವವಳ ಪಾಲಿಗೇ ಬಂದರೆ, ಸೌದೆ ಉಳಿಯಿತೆಂದು ಆಕೆ ಹಿಗ್ಗಬೇಕೆ?

ಹೊಗೆಯ ವಿಚಾರವೂ ನೋಡುವಷ್ಟು ಸಲೀಸಲ್ಲ. ಅದು ಶ್ವಾಸಕೋಶಕ್ಕೆ ಕೇಡು. ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಗೆ ಹಿಡಿದ ಜಂತೆಗೆ ಹುಳು ಹತ್ತದು, ಅಟ್ಟದ ಬೀಜ ಕೆಡದು ಎಂಬ ಅನುಭವ ಹಳ್ಳಿಗಳದು. ಹೊಗೆಕೊಳವೆ ಹಾಕಿಸುವವರು ಬೀಜದ ಕಾಳಿಗೆ ಬೇರೆ ದಾರಿ ಹೇಳಬೇಕಾಗುತ್ತದೆ. ಮಸಿ ಕಟ್ಟಿದ ಕೊಳವೆಯನ್ನು ಆಗಾಗ ಕೆರೆಯಬೇಕು, ಮಳೆನೀರು ಇಳಿಯದಂತೆ ಮೇಲೊಂದು ಟೋಪಿ ಬೇಕು.

ಇವೆಲ್ಲ ಒಲೆಗೆ ಹೊರಗಿನ ತಾಪತ್ರಯಗಳೆಂದು ತಿಳಿದವರೇ ಮುಂದಿನ ಅನಾಹುತ ಮಾಡಿದರು. ಕೇಂದ್ರ ಸರ್ಕಾರ 1980ರ ದಶಕದಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಹಾಕಿಕೊಂಡಿತು. ಅದನ್ನು 2002ರಲ್ಲಿ ಕೈಬಿಡುವ ಹೊತ್ತಿಗೆ ದೇಶದಲ್ಲಿ ಬಗೆಬಗೆಯ ಮೂರು ಕೋಟಿಗೂ ಮೀರಿ ಒಲೆಗಳು ಕಾಗದದ ಮೇಲೆ ಏರಿದ್ದವು. ಗುರಿ ಇದ್ದದ್ದು ಕಟ್ಟಿದ ಒಲೆಗಳ ಸಂಖ್ಯೆಗೆ. ವರ್ಷದ ನಂತರ ಉರಿಯುತ್ತಿರುವ ಒಲೆಗಳೆಷ್ಟು ಎಂದು ಕೇಳುವ ಖಾನೆ ನಮೂನೆಯಲ್ಲಿ ಮುಖ್ಯವಾಗಿರಲಿಲ್ಲ. ಅಳತೆ ತಪ್ಪಿದವು, ಕೊಳವೆ ಒಡೆದವು, ಹೆಂಗಸರು ಕುಳಿಯನ್ನು ತಾವೇ ಒಡೆದು ಅಗಲ ಮಾಡಿಕೊಂಡರು, ಎಷ್ಟೋ ಮನೆಗಳಲ್ಲಿ ಪಕ್ಕದಲ್ಲೇ ಮೂರು ಕಲ್ಲು ಹೂಡಿದರು. ಕರ್ನಾಟಕದಲ್ಲಿ ತರಬೇತಾದವರು ಶ್ರದ್ಧೆಯಿಂದ ಕಟ್ಟಿದ ಕಡೆ ಅಸ್ತ್ರ ಒಲೆ ಚೆನ್ನಾಗಿಯೇ ಉರಿಯಿತು. ಅವಸರದಲ್ಲಿ ಕಟ್ಟಿದ ಕಡೆ ಹೆಸರು ಮಾತ್ರ ಅಸ್ತ್ರ. ಕುಳಿ ಒಡೆದ ಹೆಂಗಸನ್ನು ‘ತಿಳಿವಳಿಕೆ ಸಾಲದು’ ಎಂದು ಬರೆದುಕೊಂಡ ವರದಿಗಾರನಿಗಿಂತ, ಎಷ್ಟು ಅಂಗುಲ ಒಡೆದಳು ಎಂದು ಅಳೆದುಕೊಂಡವನು ಹೆಚ್ಚು ಕಲಿತಿರುತ್ತಾನೆ. ಆಕೆ ಆ ಒಲೆಯ ಎರಡನೆಯ ವಿನ್ಯಾಸಕಾರ್ತಿ.

ಹೀಗೆ ಅಳೆದುಕೊಂಡು ದಾರಿ ಬದಲಿಸಿದ ಉದಾಹರಣೆಯೂ ಅದೇ ಗುಂಪಿನಲ್ಲಿ ಇದೆ. ಉಂಗ್ರದ ನೆರೆಯ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಸೇರಿ ಸಗಣಿ ಅನಿಲದ ಸ್ಥಾವರ ಕಟ್ಟಿದರು. ಮನೆಮನೆಗೆ ಅಡಿಗೆ ಅನಿಲ ಕೊಡುವುದು ಮೊದಲ ಯೋಚನೆ. ಊರಿನ ದನಗಳ ಸಗಣಿ ಅಷ್ಟಕ್ಕೆ ಸಾಲಲಿಲ್ಲ. ಮೇಲಾಗಿ ಸೌದೆ ದುಡ್ಡಿಲ್ಲದೆ ಸಿಗುತ್ತಿದ್ದ ಜನಕ್ಕೆ ಮೊದಲು ಬೇಕಾಗಿದ್ದದ್ದು ಬೇರೆ: ಒಳ್ಳೆಯ ಕುಡಿಯುವ ನೀರು, ರಾತ್ರಿ ದೀಪ. ವಿಜ್ಞಾನಿಗಳು ತಮ್ಮ ನಕಾಶೆಯನ್ನು ಹಟ ಹಿಡಿದು ಸಾಧಿಸಲಿಲ್ಲ. 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ ವಿದ್ಯುತ್ ಮಾಡಿದರು. ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಮನೆಗಳಲ್ಲಿ ದೀಪ ಹತ್ತಿತು. ಸಗಣಿ ತಂದು ಹಾಕಿದವರಿಗೆ ಕಿಲೋಗೆ ಎರಡು ಪೈಸೆ. ಅನಿಲ ತೆಗೆದ ಬಗ್ಗಡ ಗೊಬ್ಬರವಾಗಿ ಕೊಟ್ಟವರಿಗೇ ವಾಪಸು. ಆ ಎರಡು ಪೈಸೆ ಎಂಜಿನ್ನಿನಷ್ಟೇ ಮುಖ್ಯವಾದ ಬಿಡಿಭಾಗ. ಸಗಣಿ ಹೊತ್ತು ತರುತ್ತಿದ್ದ ಹೆಂಗಸರ, ಮಕ್ಕಳ ಕೈಗೆ ನೇರವಾಗಿ ಸೇರುತ್ತಿದ್ದ ಕಾಸದು. ವ್ಯವಸ್ಥೆ ವರ್ಷಗಳ ಕಾಲ ನಡೆದು ಆಮೇಲೆ ನಿಂತಿತು. ಯಾವ ಊರ ಕೆರೆ ಹೂಳು ತೆಗೆಯದೆ ಉಳಿದಿದೆ? ನೋಡಿಕೊಳ್ಳುವವರ ಸರದಿ ತಪ್ಪಿದಾಗ ಒಳ್ಳೆಯ ಯಂತ್ರವೂ ನಿಲ್ಲುತ್ತದೆ.

ಅಸ್ತ್ರ ಗುಂಪು ಈಗ ಸುಸ್ಥಿರ ತಂತ್ರಜ್ಞಾನ ಕೇಂದ್ರವೆಂಬ ಹೆಸರಿನಲ್ಲಿದೆ. ಅಮೂಲ್ಯ ರೆಡ್ಡಿ 2006ರಲ್ಲಿ ತೀರಿಕೊಂಡರು. ಒಲೆಯ ವಿದ್ಯೆ ಮಾತ್ರ ಬೇರೆ ಕಡೆಗೂ ಹರಿಯಿತು. ಸ್ವಾತಿ ಭೋಗಲೆ ಮತ್ತು ಜೊತೆಗಾರರು 1993ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ‘ಟೈಡ್’ ಸಂಸ್ಥೆಯ ಪೂರ್ಣ ಹೆಸರಿನಲ್ಲೇ ವಿನ್ಯಾಸವೆಂಬ ಮಾತಿದೆ. ಮನೆಯ ಒಲೆಗೆ ಜನ ದುಡ್ಡು ಹಾಕಲು ಹಿಂದೆಮುಂದೆ ನೋಡುತ್ತಾರೆ, ಸೌದೆಯನ್ನು ಕೊಂಡು ಉರಿಸುವ ಕಸುಬಿನವರು ಹಾಗಲ್ಲ ಎಂಬುದು ಇವರಿಗೆ ಹೊಳೆಯಿತು. ಅಡಿಕೆ ಬೇಯಿಸುವ, ಏಲಕ್ಕಿ ಒಣಗಿಸುವ, ರೇಷ್ಮೆಗೂಡು ಬೇಯಿಸುವ ಒಲೆಗಳನ್ನು ಹಿಡಿದರು. 2008ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಬಂತು.

ರೇಷ್ಮೆಯ ಮಾತು ಬಂದರೆ ಸೋಸಲೆಯ ಕಡೆಗೆ ಮತ್ತೆ ತಿರುಗಬೇಕು. ಮೈಸೂರು ರೇಷ್ಮೆ ಸೀರೆಯ ನೂಲನ್ನು ಗೂಡಿನಿಂದ ಬಿಚ್ಚುವ ಸರ್ಕಾರಿ ಕಾರ್ಖಾನೆ ಇದೇ ತಿ. ನರಸೀಪುರದಲ್ಲಿದೆ. ಗೂಡಿನ ಎಳೆಗಳನ್ನು ಅಂಟಿಸಿಟ್ಟಿರುವ ಸೆರಿಸಿನ್ ಎಂಬ ಅಂಟು ಬಿಸಿನೀರಿನಲ್ಲಿ ಮೆದುವಾದರೆ ಮಾತ್ರ ನೂಲು ಬಿಚ್ಚಿಕೊಳ್ಳುತ್ತದೆ. ದೊಡ್ಡ ಕಾರ್ಖಾನೆಗೆ ಬಾಯ್ಲರಿನ ಹಬೆ ಇದೆ. ಮನೆಯ ಮಗ್ಗುಲಲ್ಲಿ ಚರಕ ಹೂಡಿ ಬಿಚ್ಚುವವರಿಗೆ ಇರುವುದು ಒಲೆ, ಕುದಿವ ನೀರು ಮತ್ತು ಅದರಲ್ಲಿ ಅದ್ದಿ ಅದ್ದಿ ಬಿಳುಚಿದ ಬೆರಳು. ಉರಿ ಹದವಾಗಿದ್ದರೆ ಸೌದೆ ಉಳಿಯುವುದಷ್ಟೇ ಅಲ್ಲ, ನೂಲು ಕಡಿಯುವುದೂ ತಪ್ಪುತ್ತದೆ.

ತಾಲ್ಲೂಕಿನ ಹೈಸ್ಕೂಲುಗಳ ವಿಜ್ಞಾನ ಮೇಳಕ್ಕೆ ವರ್ಷ ವರ್ಷವೂ ಥರ್ಮೊಕೋಲಿನ ಜ್ವಾಲಾಮುಖಿಯೇ ಬರಬೇಕೆಂದೇನಿಲ್ಲ. ಮಕ್ಕಳು ಒಂದು ವಾರ ತಮ್ಮ ಮನೆಯ ಹಂಡೆ ಒಲೆಯ ಲೆಕ್ಕ ಬರೆಯಲಿ. ಬೇಕಾದ ಸಲಕರಣೆ ಒಂದು ತಕ್ಕಡಿ, ಒಂದು ಉಷ್ಣಮಾಪಕ, ಒಂದು ಗಡಿಯಾರ. ಮೊದಲ ಖಾನೆಯಲ್ಲಿ ನೀರಿನ ಅಳತೆ, ಎರಡನೆಯದರಲ್ಲಿ ಉರಿದ ಸೌದೆಯ ತೂಕ, ಮೂರನೆಯದರಲ್ಲಿ ಹಿಡಿದ ಹೊತ್ತು. ಆಮೇಲೆ ಒಲೆಯ ಬಾಯಿಗೆ ಅರ್ಧ ಮುಚ್ಚುವ ಹಾಗೆ ಒಂದು ತಗಡು, ಒಳಗೊಂದು ಹಳೆಯ ಕಬ್ಬಿಣದ ಜಾಲರಿ ಇಟ್ಟು ಇನ್ನೊಂದು ವಾರ ಅದೇ ಲೆಕ್ಕ. ಹೊಗೆ ಹೊರಹೋಗಲು ಕಿಟಕಿ ತೆರೆದಿರಲಿ, ದೊಡ್ಡವರು ಜೊತೆಗಿರಲಿ. ಒಂದು ಖಾನೆ ಮಾತ್ರ ಮರೆಯಬಾರದು: ತಗಡು, ಜಾಲರಿ ಇಟ್ಟ ಮೇಲೆ, ದಿನವೂ ಉರಿ ಹಾಕುವ ಅವ್ವನೋ ಅಜ್ಜಿಯೋ ಏನೆಂದರು ಎಂಬುದು. ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು, ಬೈದಿದ್ದರೆ ಬೈಗುಳವನ್ನೂ ಬಿಡದೆ.